ಓಡುತ್ತಿದ್ದ ಎಂಜಿನ್

ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಆರ್ವಿಡ್ ತನ್ನ ಬಾಳಿನ ದೊಡ್ಡ ದಡ್ಡತನ ಮಾಡಿದಾಗ, ಅಮೆರಿಕದ ವಿಸ್ಕಾನ್ಸಿನ್ನಿನ ಆ ಊರಲ್ಲಿ ಯಾರೂ ಅದನ್ನು ದಡ್ಡತನ ಎನ್ನಲಿಲ್ಲ. ಹಳೆ ಕಾರುಗಳ ಗೀಳು ಹತ್ತಿದ ಗೆಳೆಯರಂತೂ ಬೆನ್ನು ತಟ್ಟಿದ್ದರು. ಅವನ ಐವತ್ತೊಂದನೇ ಇಸವಿಯ ಸ್ಟುಡ್‌ಬೇಕರ್ ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅದರೊಳಗೆ ಇದ್ದದ್ದು ಯಾವುದೋ ಲಾರಿಯ ಎಂಜಿನ್. ಕಾರು ಹುಟ್ಟಿದ ವರ್ಷದ್ದೇ ಬೇಕೆಂಬ ಹಟಕ್ಕೆ ಬಿದ್ದು, ಓಡುವುದನ್ನು ಕಿತ್ತು ಗುಜರಿಗೆ ಹಾಕಿದ. ಸರಿಯಾದದ್ದು ಸಿಗಲೇ ಇಲ್ಲ.

ಬೇಸಿಗೆಯ ಸಂಜೆ ಅದೇ ಕಾರಿನಲ್ಲಿ ಅವನೊಂದಿಗೆ ಕೆರೆಯಂಚಿನ ಅಂಗಡಿಗೆ ಐಸ್‌ಕ್ರೀಮಿಗೆಂದು ಹೋಗುತ್ತಿದ್ದ ಹೆಂಡತಿ ಲವಾನ್, ಆಮೇಲೆ ವರ್ಷ ವರ್ಷವೂ ನಿಂತೇ ಇದ್ದ ಕಾರಿನ ಹೊದಿಕೆಯ ಧೂಳು ಕೊಡವಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಈ ಶರತ್ಕಾಲದಲ್ಲಿ, ಊರಾಚೆ ಮರ ಕೊಯ್ಯುವ ಕ್ಲೀಟ್ ಫೋನು ಮಾಡಿದ. ಮುಚ್ಚಿಹೋದ ಕಾರಿನಂಗಡಿಯ ಹರಾಜಿನಲ್ಲಿ ಅವನಿಗೊಂದು ಎಂಜಿನ್ ಸಿಕ್ಕಿತ್ತು. ಅದೇ ವರ್ಷದ್ದು, ಮರದ ಪೆಟ್ಟಿಗೆಯಲ್ಲೇ ಇದ್ದದ್ದು, ಒಮ್ಮೆಯೂ ಓಡದ್ದು.

ಗಂಡ ಹೆಂಡತಿ ಇಬ್ಬರೂ ಅವನ ಮರದ ಮಿಲ್ಲಿಗೆ ಹೋದರು. ಪೆಟ್ಟಿಗೆಯ ಹಲಗೆಸಂದಿಗೆ ಆರ್ವಿಡ್ ಟಾರ್ಚು ಹಿಡಿದ. ಒಳಗೆ ಗ್ರೀಸು ಬಳಿದ ಕಬ್ಬಿಣ, ಎಣ್ಣೆಕಾಗದದಡಿ ಮಗುವಿನಂತೆ ಮಲಗಿತ್ತು.

"ಕಣ್ಣು ತುಂಬ ನೋಡ್ಕೋ. ಒಂದು ದಿಮ್ಮಿ ಬಾಕಿ ಇದೆ, ಕೊಯ್ದು ಬರ್ತೀನಿ," ಎಂದು ಕ್ಲೀಟ್ ಗರಗಸದ ಕಡೆ ನಡೆದ.

ಆ ಕಡೆ ಗರಗಸ ತಿರುಗಿಸುವ ಎಂಜಿನ್ ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಮ್ಮೆಲೇ ಹಾಡತೊಡಗಿತು.

ಲವಾನ್ ತಲೆ ಎತ್ತಿದಳು. "ಆರ್ವಿಡ್, ಅದು ನಮ್ಮದು."

ಅವನಿಗೂ ಗೊತ್ತಾಗಿತ್ತು. ಆದರೂ ಪೆಟ್ಟಿಗೆಯಿಂದ ಕಣ್ಣು ಕೀಳದೆ, "ಎಲ್ಲಾ ಎಂಜಿನ್ನೂ ಹಾಗೇ ಕೂಗ್ತಾವೆ," ಎಂದ.

ಅವಳು ಹೋಗಿ ನೋಡಿದಳು. ಎಣ್ಣೆ ಹಾಕುವ ಮುಚ್ಚಳದ ಮೇಲೆ, ಗಂಡ ಬೇರೆ ಮುಚ್ಚಳದೊಡನೆ ಗೊಂದಲ ಮಾಡಿಕೊಳ್ಳದಿರಲೆಂದು ತಾನೇ ಒಮ್ಮೆ ಇಟ್ಟಿದ್ದ ಉಗುರುಬಣ್ಣದ ಕೆಂಪು ಚುಕ್ಕೆ ಮಸಿಯೊಳಗಿಂದ ಇಣುಕುತ್ತಿತ್ತು.

ಕ್ಲೀಟ್ ಎಂಜಿನ್ ನಿಲ್ಲಿಸಿದ. "ಗುಜರಿಯಿಂದ ತಂದೆ. ಚಿನ್ನದಂಥದ್ದು. ಯಾವ ಪುಣ್ಯಾತ್ಮ ಎಸೆದನೋ!"

ಆರ್ವಿಡ್ ಹೆಂಡತಿಯ ಹಿಂದೆ ಬಂದು ನಿಂತಿದ್ದ. "ನಾನೇ," ಎಂದ.

ಕ್ಲೀಟ್ ನಗಲು ಬಾಯಿ ತೆರೆದವನು ಲವಾನಳ ಮುಖ ನೋಡಿ ಟೋಪಿ ಸರಿಮಾಡಿಕೊಂಡ.

"ಕ್ಲೀಟ್, ಪೆಟ್ಟಿಗೇಲಿರೋದು ಬೇಡ. ಇದನ್ನೇ ವಾಪಸ್ ಕೊಡ್ತೀಯಾ?" ಎಂದು ಆರ್ವಿಡ್ ಕೇಳಿದ.

"ಕೊಟ್ಟು ನಾನೇನು ಹಲ್ಲಲ್ಲಿ ಮರ ಕೊಯ್ಲಾ?" ಕ್ಲೀಟ್ ಪೆಟ್ಟಿಗೆಯ ಕಡೆ ಕೈ ತೋರಿದ. "ಒಂದು ಕೆಲಸ ಮಾಡು. ಆ ಹೊಸದನ್ನೇ ಕೊಂಡು, ನನ್ನ ಗರಗಸಕ್ಕೆ ಕೂರಿಸಿಕೊಡು. ಇದನ್ನ ಸುಮ್ನೆ ತಗೊಂಡು ಹೋಗು."

"ಅದನ್ನಾ? ಗರಗಸಕ್ಕಾ? ಅಂಥದ್ದು ಇನ್ನೊಂದು ಸಿಗಲ್ಲ ಕಣೋ!"

ಮಾತು ಆರ್ವಿಡನ ಬಾಯಿಂದ ಜಾರಿಬಿಟ್ಟಿತ್ತು. ಲವಾನ್ ಅವನನ್ನೊಮ್ಮೆ ನೋಡಿ, ಹೋಗಿ ತಮ್ಮ ಗಾಡಿಯಲ್ಲಿ ಕೂತಳು. ಇಷ್ಟಾದ ಮೇಲೂ ತನ್ನೊಳಗಿನ ಆಸೆ ಸತ್ತಿಲ್ಲವಲ್ಲ ಎಂದು ಆರ್ವಿಡ್ ನೆಲ ನೋಡಿದ. ಎಂಜಿನ್ ಕಿತ್ತ ದಿನ ಅವಳು ಬಾಗಿಲಲ್ಲಿ ನಿಂತು, "ಇದಕ್ಕೇನಾಗಿದೆ?" ಎಂದಷ್ಟೇ ಕೇಳಿದ್ದಳು.

"ಗರಗಸಕ್ಕೇ ಕೂರಿಸಿಕೊಡ್ತೀನಿ," ಎಂದು, ಗೋಡೆಗೊರಗಿದ್ದ ಹಾರೆ ಎತ್ತಿಕೊಂಡು ಪೆಟ್ಟಿಗೆಯ ಮೊದಲ ಹಲಗೆ ಮೀಟಿದ. ಮೊಳೆಗಳು ಕಿರುಚಿದವು.

ಗಾಡಿಯ ಕಿಟಕಿಯ ಗಾಜು ಇಳಿಯಿತು. "ಐಸ್‌ಕ್ರೀಮ್ ಅಂಗಡಿ ಮುಂದಿನ ವಾರ ಬಾಗಿಲು ಹಾಕತ್ತೆ."

"ಅಷ್ಟರೊಳಗೆ ಆಗಲ್ಲ ಕಣೆ," ಎಂದ ಅವನು, ತಲೆ ಎತ್ತದೆ.

"ಗೊತ್ತು. ಬೇಸಿಗೇಲಿ ಮತ್ತೆ ತೆಗೀತಾರೆ."

ಅವನು ಎರಡನೆಯ ಹಲಗೆಗೆ ಹಾರೆ ಕೊಟ್ಟ.