ಕೊನೇ ಸ್ಟಾಪಿನ ಹೆಂಗಸು

ಮನೆಯಲ್ಲಿ ‘ಹೂಂ’, ‘ಉಹೂಂ’ ಬಿಟ್ಟರೆ ಮೂರನೆಯ ಮಾತಿಗೆ ಬಾಯಿ ಬಿಡದ ಮನುಷ್ಯನ ಕಥೆಗಳಲ್ಲಿ ಇಷ್ಟೊಂದು ಮಾತುಗಾರರು ಎಲ್ಲಿಂದ ಬಂದು ಸೇರಿಕೊಳ್ಳುತ್ತಾರೆ? ಶಂಕರಪುರದ ಅಲಮೇಲಮ್ಮನವರಿಗೆ ಮದುವೆಯಾದ ಹೊಸದರಲ್ಲಿ ಹುಟ್ಟಿದ ಈ ಕುತೂಹಲ ಮೊಮ್ಮಕ್ಕಳಾದರೂ ತಣಿದಿರಲಿಲ್ಲ. ಯಜಮಾನರಾದ ಚಕ್ರಪಾಣಿಯವರು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಸರಾಂತ ಸಾಹಿತಿಯೇನಲ್ಲ. ಆದರೂ ವಾರಪತ್ರಿಕೆಗಳಲ್ಲಿ ಆಗಾಗ ಅವರದೊಂದು ಕಥೆ ಬರುತ್ತಿತ್ತು. ಓದಿದವರು, ಇದು ನಮ್ಮ ಬೀದಿಯವರದ್ದೇ ಇರಬೇಕು ಅನ್ನುತ್ತಿದ್ದರು.

“ಇವರೆಲ್ಲ ಎಲ್ಲಿ ಸಿಗ್ತಾರೆ ರೀ ನಿಮಗೆ?” ಎಂದು ಕೇಳಿದರೆ “ಸಿಗ್ತಾರೆ” ಎಂದಷ್ಟೇ ಹೇಳಿ ಚೀಲ ಹಿಡಿದು ಹೊರಟುಬಿಡುತ್ತಿದ್ದರು. ಹೂವಿನವಳು, ಹಾಲಿನವನು, ಎದುರು ಮನೆಯ ಅತ್ತೆ, ಕೊನೆಗೆ ಅಡುಗೆಮನೆಗೆ ನುಗ್ಗುತ್ತಿದ್ದ ಬೆಕ್ಕು ಕೂಡ ಅವರ ಕಥೆಯಲ್ಲಿ ಬಂದು ಹೋಗಿತ್ತು. ಅಲಮೇಲಮ್ಮ ಮಾತ್ರ ಬಂದಿರಲಿಲ್ಲ. ಇಷ್ಟು ವರ್ಷ ಜೊತೆಗೆ ಬದುಕಿದವರು ತನ್ನನ್ನು ಒಂದು ಸಲವಾದರೂ ಸರಿಯಾಗಿ ನೋಡಿದ್ದಾರೋ ಇಲ್ಲವೋ ಎಂಬ ಕೊರಗು ಅವರಿಗೆ ಒಳಗೊಳಗೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಬೆಕ್ಕಿಗೆ ಹಾಲು ಹಾಕುವಾಗ ಮಾತ್ರ ಎರಡು ಮಾತು ಬೈದೇ ಹಾಕುತ್ತಿದ್ದರು.

ಗುಟ್ಟು ಹೊರಬಿದ್ದದ್ದು ಚಕ್ರಪಾಣಿಯವರಿಗೆ ಕಿವಿ ಕೈಕೊಟ್ಟ ಮೇಲೆ. ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಹತ್ತಿರ ಕೂತು ಹೇಳಿದರೆ ಮಾತ್ರ ತಲುಪುತ್ತಿತ್ತು. ಮಲ್ಲೇಶ್ವರದಲ್ಲಿರುವ ಮಗ ಆಕರ್ಷ ಕಿವಿಯ ಮಿಷನ್ನು ತಂದುಕೊಟ್ಟ. ಅದು ಮನೆಯೊಳಗೆ ಪರವಾಗಿಲ್ಲ ಅನ್ನಿಸುತ್ತಿತ್ತು. ಹೊರಗೆ ಕಾಲಿಟ್ಟರೆ ಜನರ ಮಾತು ಬಿಟ್ಟು ತಟ್ಟೆ ಲೋಟಗಳ ಸದ್ದನ್ನೇ ದೊಡ್ಡದು ಮಾಡಿ ಕೇಳಿಸುತ್ತಿತ್ತು. ಚಕ್ರಪಾಣಿ ಅದನ್ನು ಡಬ್ಬಿಯೊಳಗೆ ಹಾಕಿಟ್ಟರು. ಅಲ್ಲಿಗೆ ಕಥೆಯೂ ನಿಂತಿತು. ಬೆಳಗ್ಗೆ ಹಾಳೆ ಮುಂದಿಟ್ಟುಕೊಂಡು ಕೂತರೆ ಮಧ್ಯಾಹ್ನ ಊಟಕ್ಕೆ ಕರೆಯುವಾಗಲೂ ಹಾಳೆ ಖಾಲಿಯೇ ಇರುತ್ತಿತ್ತು. ಊಟವೂ ಸೇರುತ್ತಿರಲಿಲ್ಲ.

“ಕಿವಿಗೂ ಕೈಗೂ ಏನ್ ರೀ ಸಂಬಂಧ? ಬರೀರಿ, ಯಾರು ಬೇಡ ಅಂದ್ರು?” ಎಂದರು ಅಲಮೇಲಮ್ಮ, ಬಲಗಿವಿಯ ಹತ್ತಿರ ಬಗ್ಗಿ.

“ಏನಂತ ಬರೀಲಿ? ಯಾರ ಮಾತೂ ಕೇಳಿಸ್ತಿಲ್ಲ. ನಾನು ಕಟ್ಟಿ ಬರೆಯೋನಲ್ಲ ಅಲಮೇಲು. ಇಷ್ಟು ವರ್ಷದಲ್ಲಿ ಒಂದಕ್ಷರ ಕಟ್ಟಿಲ್ಲ. ಕೇಳಿದ್ದನ್ನ ಬರ್ದಿದೀನಿ, ಅಷ್ಟೇ.”

ಆಗ ಹೊರಬಂತು ನೋಡಿ ಅಷ್ಟು ವರ್ಷದ ಗುಟ್ಟು. ಗಾಂಧಿಬಜಾರಿಗೆ ಹೋಗುವ ದಾರಿಯಲ್ಲಿ ಕೂತು ತಿನ್ನುವಂಥ ಹಳೆಯ ಹೋಟೆಲೊಂದಿದೆ. ಚಕ್ರಪಾಣಿ ದಿನಾ ಬೆಳಗ್ಗೆ ಅಲ್ಲಿಗೆ ಹೋಗಿ, ಒಂಟಿಯಾಗಿ ಕೂತ ಯಾರನ್ನಾದರೂ ಹುಡುಕಿ, “ಪೂರ್ತಿ ಕಾಫಿ ನನಗೆ ಜಾಸ್ತಿಯಾಗತ್ತೆ. ಬೈಟು ಹೇಳೋಣ್ವಾ?” ಎಂದು ಕೇಳುತ್ತಿದ್ದರು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕುಡಿಯುವುದಕ್ಕೆ ಬೆಂಗಳೂರಿನಲ್ಲಿ ಇಲ್ಲ ಅನ್ನುವವರು ಕಡಿಮೆ. ಲೋಟ ಬಂದ ಮೇಲೆ ಒಂದೇ ಪ್ರಶ್ನೆ: “ತಾವು ಯಾವ ಕಡೆಯವ್ರು?” ಊರಿನ ಹೆಸರು ಹೇಳಿ ಸುಮ್ಮನಾದವರನ್ನು ಅವರು ಇದುವರೆಗೆ ಕಂಡಿರಲಿಲ್ಲವಂತೆ. ಮುಂದೆ ಆ ಕಥೆ ಅಚ್ಚಾದರೆ ಅದೇ ವ್ಯಕ್ತಿಯನ್ನು ಹುಡುಕಿಕೊಂಡು ಹೋಗಿ, ಈ ಸಲ ಬೈಟು ಅಲ್ಲ, ಪೂರ್ತಿ ಕಾಫಿ ಕೊಡಿಸಬೇಕು. ಇದು ಅವರ ಪದ್ಧತಿ. ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ.

ಅಲಮೇಲಮ್ಮನವರಿಗೆ ಮೊದಲು ಮೈಯೆಲ್ಲ ಉರಿಯಿತು. ಕಂಡಕಂಡವರನ್ನೆಲ್ಲ ಯಾವ ಕಡೆಯವರು ಎಂದು ಮಾತಾಡಿಸುವ ಮನುಷ್ಯ ಮನೆಗೆ ಬಂದು ಮೌನವ್ರತ ಹಿಡಿಯುವುದೇ! ಆದರೆ ಎದುರಿಗೆ ಕೂತ ಮುಖ ಎಷ್ಟು ಬಾಡಿತ್ತೆಂದರೆ ಬೈಯಲು ಮನಸ್ಸು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹೋಟೆಲಿನಲ್ಲಿ ಏನು ನಡೆಯುತ್ತದೆ ಎಂದು ನೋಡುವ ಚಪಲ ಅವರಿಗೇ ಹತ್ತಿಬಿಟ್ಟಿತು.

“ನಾಳೆಯಿಂದ ನಾನು ಹೋಗ್ತೀನಿ,” ಎಂದರು.

ಮೊದಲ ದಿನ ಹೋಟೆಲಿನ ಮೆಟ್ಟಿಲು ಹತ್ತುವಾಗ ಅಲಮೇಲಮ್ಮ ಎರಡು ಸಲ ಹಿಂದಿರುಗಿ ನೋಡಿದರು. ಒಬ್ಬರೇ ಹೋಟೆಲಿಗೆ ಬಂದದ್ದು ಯಾರಾದರೂ ನೆಂಟರ ಕಣ್ಣಿಗೆ ಬಿದ್ದರೆ ಏನು ಹೇಳುವುದು ಎಂಬ ಹಳೆಯ ಹೆದರಿಕೆ. ಹಣೆಗೆ ವಿಭೂತಿ ಬಳಿದುಕೊಂಡ ಹಳೆಯ ಸಪ್ಲೈಯರ್ ಹನುಮಂತಯ್ಯ, ಚಕ್ರಪಾಣಿಯವರ ಹೆಂಡತಿ ಎಂದು ತಿಳಿದು, ಕಿಟಕಿ ಪಕ್ಕದ ಮೇಜು ತೋರಿಸಿದ. ಅಲ್ಲಿ ಕಾಟನ್‌ಪೇಟೆಯ ಸಗಟು ದಾರದ ವ್ಯಾಪಾರಿಯೊಬ್ಬರು ಕೂತಿದ್ದರು. ಬೈಟು ಬಂತು, ಪ್ರಶ್ನೆಯೂ ಆಯಿತು. ಮನೆ, ಅಂಗಡಿ, ಗೋಡೌನು ಎಲ್ಲವನ್ನೂ ತುಟಿಪಿಟಿಕ್ಕೆನ್ನದೆ ಹಂಚಿಕೊಂಡ ಅವರ ಇಬ್ಬರು ಗಂಡುಮಕ್ಕಳು ತಾಯಿಯ ಉಯ್ಯಾಲೆಗಾಗಿ ಜಗಳಾಡಿ ಮಾತು ಬಿಟ್ಟಿದ್ದಾರಂತೆ. ಈಗ ಮಣೆ ಒಬ್ಬನ ಮನೆಯಲ್ಲಿ, ಸರಪಳಿ ಇನ್ನೊಬ್ಬನ ಮನೆಯಲ್ಲಿ.

ಮನೆಗೆ ಬಂದು ಹೇಳಿದರೆ ಚಕ್ರಪಾಣಿಯವರ ಕಣ್ಣಲ್ಲಿ ಮತ್ತೆ ಹೊಳಪು ಬಂತು. “ಸರಪಳಿ ವಿಷಯ ಹೇಳುವಾಗ ಲೋಟ ಕೆಳಗಿಟ್ರಾ, ಕೈಯಲ್ಲೇ ಇತ್ತಾ?”

“ಅದನ್ನ ಯಾರ್ ನೋಡ್ತಾರೆ?”

“ನೋಡ್ಬೇಕು. ಬೇಜಾರಿನ ಮಾತು ಹೇಳೋರು ಲೋಟ ಇಟ್ಟು ಹೇಳ್ತಾರೆ.”

ಮರುದಿನದಿಂದ ಅಲಮೇಲಮ್ಮ ಲೋಟ ನೋಡತೊಡಗಿದರು. ಲೋಟದಿಂದ ಕೈ, ಕೈಯಿಂದ ಮುಖ. ನಲ್ಲಿಯ ಹತ್ತಿರ ಕಣ್ಣೊರೆಸಿಕೊಂಡು ಏನೂ ಆಗಿಲ್ಲವೆಂಬಂತೆ ಬಂದು ಕೂರುವವರು, ಇಡ್ಲಿಯ ಅರ್ಧವನ್ನು ಯಾರಿಗೋ ಎತ್ತಿಟ್ಟಂತೆ ಬಿಟ್ಟೇಳುವವರು, ಎಲ್ಲರೂ ಕಾಣಿಸತೊಡಗಿದರು. ಜನ ಇಷ್ಟು ಸೊಗಸಾಗಿರುತ್ತಾರೆಂದು ಅವರಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಉಯ್ಯಾಲೆಯ ಕಥೆ ಅಚ್ಚಾಯಿತು. ದಾರದ ವ್ಯಾಪಾರಿಗೆ ಅಲಮೇಲಮ್ಮನೇ ಪೂರ್ತಿ ಕಾಫಿ ಕೊಡಿಸಿ ಬಂದರು.

ಆಮೇಲೊಂದು ಬೆಳಗ್ಗೆ ಯಾರೂ ಸಿಗಲಿಲ್ಲ. ಇದ್ದವರೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನೊಳಗೆ ಮುಳುಗಿದ್ದರು. ಒಬ್ಬ ಹುಡುಗಿಯನ್ನು ಬೈಟಿಗೆ ಕೇಳಿದ್ದಕ್ಕೆ, “ಸಾರಿ ಆಂಟಿ, ನಾನು ಸಕ್ಕರೆ ಹಾಕ್ಕೊಳ್ಳಲ್ಲ,” ಎಂದು ನಕ್ಕು ಮತ್ತೆ ಮೊಬೈಲಿಗೆ ಬಗ್ಗಿದಳು. ಅಲಮೇಲಮ್ಮ ಒಬ್ಬರೇ ಕಾಫಿ ಕುಡಿದು ಬರಿಗೈಯಲ್ಲಿ ಮನೆಗೆ ಬಂದರು.

ಚಕ್ರಪಾಣಿ ಆಗಲೇ ಕುರ್ಚಿಯನ್ನು ತಿರುಗಿಸಿಟ್ಟು, ಬಲಗಿವಿ ಬಾಗಿಲ ಕಡೆ ಬರುವಂತೆ ಕೂತು ಕಾಯುತ್ತಿದ್ದರು. ಆ ಕೂತ ಭಂಗಿ ನೋಡಿ ಅಲಮೇಲಮ್ಮನವರಿಗೆ ಯಾರೂ ಸಿಗಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಒಬ್ರು ಹೆಂಗಸು ಸಿಕ್ಕಿದ್ರು,” ಎಂದುಬಿಟ್ಟರು. ಹೇಳಿಯಾದ ಮೇಲೆ ಆ ಹೆಂಗಸಿಗೆ ಒಂದು ಕಥೆ ಬೇಕಲ್ಲ? ಅವರಿಗೆ ಗೊತ್ತಿದ್ದ, ಯಾರಿಗೂ ಹೇಳದ ಕಥೆ ಒಂದೇ. ಅದು ಅವರದೇ.

ಆಕರ್ಷ ಸ್ಕೂಲಿಗೆ ಹೋಗುತ್ತಿದ್ದ ಕಾಲ. ಗುರುವಾರ ಮಧ್ಯಾಹ್ನ ಭಜನೆಗೆಂದು ಅತ್ತೆಗೆ ಹೇಳಿ ಹೊರಟ ಅಲಮೇಲು, ಭಜನೆಯ ಬೀದಿ ದಾಟಿ ಮಾರ್ಕೆಟ್ಟಿನ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಹೊರಡಲು ಸಿದ್ಧವಾಗಿ ನಿಂತ ಯಾವುದೋ ಒಂದು ಬಸ್ಸು ಹತ್ತಿ, ಕೊನೇ ಸ್ಟಾಪಿನವರೆಗೆ ಹೋಗಿ ಇಳಿಯುತ್ತಿದ್ದರು. ಒಂದು ವಾರ ಜಾಲಹಳ್ಳಿ, ಇನ್ನೊಂದು ವಾರ ಕೆಂಗೇರಿ. ಕೆಲಸವೇನೂ ಇರಲಿಲ್ಲ. ತನ್ನನ್ನು ಯಾರ ಸೊಸೆ, ಯಾರ ಹೆಂಡತಿ ಎಂದು ಗುರುತಿಸದ ಬೀದಿಯಲ್ಲಿ ಸುಮ್ಮನೆ ನಡೆಯುವುದು, ಗಾಡಿಯವನ ಹತ್ತಿರ ಈರುಳ್ಳಿ ಜಾಸ್ತಿ ಹಾಕಿಸಿ ಚುರುಮುರಿ ತಿನ್ನುವುದು. ಅತ್ತೆಯ ಅಡುಗೆಮನೆಗೆ ಈರುಳ್ಳಿ ಬರುತ್ತಲೇ ಇರಲಿಲ್ಲ. ವಾಸನೆ ಹೋಗಲೆಂದು ವಾಪಸು ಬರುವಾಗ ದಾರಿಯುದ್ದಕ್ಕೂ ಏಲಕ್ಕಿ ಅಗಿಯುತ್ತಿದ್ದರು. ಯಾರಾದರೂ, “ಯಾರ ಮನೆ ಬೇಕಮ್ಮಾ?” ಎಂದರೆ, “ಕೇದಾರ್ ಅನ್ನೋರ ಮನೆ,” ಎಂದು ಬಾಯಿಗೆ ಬಂದ ಹೆಸರು ಹೇಳುತ್ತಿದ್ದರು. ಒಂದು ಸಲ ಕೆಂಗೇರಿಯಲ್ಲಿ ಪುಣ್ಯಾತ್ಮನೊಬ್ಬ ನಿಜವಾಗಿಯೂ ಕೇದಾರ್ ಎಂಬವರ ಮನೆಗೆ ಕರೆದುಕೊಂಡು ಹೋಗಿ ಬಾಗಿಲು ತಟ್ಟಿಯೇಬಿಟ್ಟ. ಆ ಮನೆಯ ಹೆಂಗಸು ಒಳಗೆ ಕರೆದು ಕೂರಿಸಿ ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು. ಯಾಕೆ ಬಂದಿರಿ ಎಂದು ಒಂದು ಮಾತೂ ಕೇಳಲಿಲ್ಲ.

ಇಷ್ಟನ್ನೂ ಅಲಮೇಲಮ್ಮ ‘ಆಯಮ್ಮ’ನ ಹೆಸರಿನಲ್ಲಿ ಹೇಳಿದರು. ಹೇಳುತ್ತಾ ಗಂಡನ ಮುಖವನ್ನೇ ನೋಡುತ್ತಿದ್ದರು. ಈಗ ಗೊತ್ತಾಗುತ್ತದೆ, ಈಗ ಗೊತ್ತಾಗುತ್ತದೆ ಎಂದು ಕಾದರು.

“ಗಂಡನಿಗೆ ಗೊತ್ತಂತಾ?” ಎಂದರು ಚಕ್ರಪಾಣಿ, ಪೆನ್ನು ಎತ್ತಿಕೊಂಡು.

“ಇಲ್ವಂತೆ.”

“ಎಂಥಾ ಗಂಡನೋ! ವಾರ ವಾರ ಹೆಂಡತಿ ಈರುಳ್ಳಿ ತಿಂದ್ಕೊಂಡು ಬಂದ್ರೆ ಅವನ ಮೂಗು ಏನ್ ಮಾಡ್ತಿತ್ತು?”

ಅಲಮೇಲಮ್ಮ ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ಮುಗಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು. ಹನುಮಂತಯ್ಯ ಯಾವ ಬೆರಳಿಗೆ ಉಂಗುರ ಹಾಕುತ್ತಾನೆಂದು ಬಲ್ಲ ಈ ಮಹಾನುಭಾವರಿಗೆ ಹೆಂಡತಿಯ ಚಹರೆ ಗೊತ್ತಾಗಲಿಲ್ಲ. ಅವರಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಬೆಕ್ಕಿಗೆ ಅವತ್ತು ಹಾಲೇ ಹಾಕಲಿಲ್ಲ.

ಪತ್ರಿಕೆಯಲ್ಲಿ ಕಥೆ ಬಂದದ್ದೇ ತಡ, ಫೋನುಗಳು ಶುರುವಾದವು. ಚಕ್ರಪಾಣಿಯವರಿಗೆ ಕೇಳಿಸದ್ದರಿಂದ ಎತ್ತುತ್ತಿದ್ದವರು ಅಲಮೇಲಮ್ಮ. ಚಾಮರಾಜಪೇಟೆಯಿಂದ ಯಶಶ್ರೀ ಎಂಬ ಹುಡುಗಿ ಮಾತಾಡಿದಳು: “ಆಂಟಿ, ನಾನು ಆಫೀಸ್ ಮುಗಿಸಿ ಸುಮ್ ಸುಮ್ನೆ ಮೆಟ್ರೋ ಹತ್ತಿ ಕೊನೇ ಸ್ಟೇಷನ್‌ಗೆ ಹೋಗ್ತೀನಿ. ಈ ಹುಚ್ಚು ನನಗೊಬ್ಳಿಗೇ ಅಂದ್ಕೊಂಡಿದ್ದೆ. ಸರ್‌ಗೆ ಆಯಮ್ಮ ಎಲ್ಲಿ ಸಿಕ್ಕಿದ್ರು?”

“ಇಲ್ಲೇ ಹತ್ತಿರದಲ್ಲೇ ಇದ್ರು. ನೋಡ್ಲಿಲ್ಲ ಅಷ್ಟೇ,” ಎಂದು ಅಲಮೇಲಮ್ಮ ಫೋನಿಟ್ಟರು.

ಪದ್ಧತಿಯಂತೆ ಪೂರ್ತಿ ಕಾಫಿ ಕೊಡಿಸಲೇಬೇಕೆಂದು ಚಕ್ರಪಾಣಿ ಹಟ ಹಿಡಿದರು. ನಾನೇ ಕೊಡಿಸಿ ಬರುತ್ತೇನೆ ಎಂದರೆ ಒಪ್ಪಲಿಲ್ಲ. ಇಂಥ ಹೆಂಗಸನ್ನು ಕಣ್ಣಾರೆ ನೋಡಬೇಕು, ಕೈ ಮುಗಿಯಬೇಕು, ಎಂದರು. ಅಲಮೇಲಮ್ಮನವರಿಗೆ ಭಯವಾಯಿತು. ಸಿಕ್ಕಿದಳೆಂದು ಹೇಳಿದ ಹೆಂಗಸು ಸಿಕ್ಕೇ ಇರಲಿಲ್ಲವೆಂದು ಗೊತ್ತಾದರೆ, ಒಂದಕ್ಷರವನ್ನೂ ಕಟ್ಟದ ಮನುಷ್ಯ ಪೆನ್ನನ್ನೇ ಕೆಳಗಿಟ್ಟುಬಿಟ್ಟರೆ?

ಶನಿವಾರ ಬೆಳಗ್ಗೆ ಇಬ್ಬರೂ ಹೋಟೆಲಿಗೆ ಹೋದರು. ಮದುವೆಯ ಮಣೆಯಿಂದ ಬಂದ ಅಭ್ಯಾಸ, ಅಲಮೇಲಮ್ಮ ಗಂಡನ ಎಡಕ್ಕೇ ಕೂತರು. ಚಕ್ರಪಾಣಿ ಸುತ್ತಲೂ ಕಣ್ಣಾಡಿಸಿ, ಕಂಬದ ಪಕ್ಕ ಹಸಿರು ಸೀರೆಯುಟ್ಟು ಒಂಟಿಯಾಗಿ ಕೂತಿದ್ದ ಹೆಂಗಸಿನ ಮೇಲೆ ದೃಷ್ಟಿ ನಿಲ್ಲಿಸಿದರು. ಕಾಲ ಬಳಿ ಬಟ್ಟೆಚೀಲ, ನೋಟ ರಸ್ತೆಯ ಮೇಲೆ.

“ಅವ್ರೇ ತಾನೇ? ನೋಡಿದ್ರೇನೇ ಗೊತ್ತಾಗತ್ತೆ.”

“ಅವ್ರಲ್ಲ ರೀ. ನಾನು,” ಎಂದರು ಅಲಮೇಲಮ್ಮ.

ಅದು ಎಡಗಿವಿ. ಚಕ್ರಪಾಣಿ ಎದ್ದು, ಪಂಚೆ ಸರಿಮಾಡಿಕೊಂಡು, ಕೈ ಮುಗಿಯಲು ಸಿದ್ಧರಾಗಿ ಕಂಬದ ಕಡೆ ಹೊರಟೇಬಿಟ್ಟರು. ಅಲಮೇಲಮ್ಮ ದಡಬಡಿಸಿ ಎದ್ದು, ಮೇಜು ಬಳಸಿ ಬಂದು, ಅವರ ಬಲಗೈ ಹಿಡಿದು ನಿಲ್ಲಿಸಿದರು. ಅಷ್ಟು ವರ್ಷದ ಕೊರಗೆಲ್ಲ ಒಂದೇ ಉಸಿರಿಗೆ ಹೊರಬಂತು:

“ಅದು ನಾನ್ ರೀ! ಬಸ್ ಹತ್ತಿದ್ದು ನಾನು, ಈರುಳ್ಳಿ ತಿಂದಿದ್ದು ನಾನು! ಬೇರೆ ಯಾರೂ ಸಿಕ್ಕಿರ್ಲಿಲ್ಲ!”

ಬಲಗಿವಿಗೆ ಮಾತ್ರವಲ್ಲ, ಹೋಟೆಲಿಗೆಲ್ಲ ಕೇಳಿಸಿತು. ಇಯರ್‌ಫೋನಿನವರೂ ತಲೆಯೆತ್ತಿದರು. ಹನುಮಂತಯ್ಯ ದೋಸೆಯ ತಟ್ಟೆ ಹಿಡಿದು ನಿಂತಲ್ಲೇ ನಿಂತ. ಚಕ್ರಪಾಣಿ ಹೆಂಡತಿಯ ಮುಖವನ್ನು ನೋಡಿದರು. ದಾರದ ವ್ಯಾಪಾರಿಯನ್ನು, ಹೂವಿನವಳನ್ನು, ಬೆಕ್ಕನ್ನು ನೋಡುತ್ತಿದ್ದ ಆ ನೋಟ ತನ್ನ ಮೇಲೆ ಬಿದ್ದದ್ದು ಅಲಮೇಲಮ್ಮನವರಿಗೆ ಗೊತ್ತಾಯಿತು. ಇಬ್ಬರೂ ಬಂದು ಕೂತರು. ಅಲಮೇಲಮ್ಮ ಈ ಸಲ ಬಲಕ್ಕೆ ಕೂತರು.

“ಹಾಗಾದ್ರೆ ಆ ಗಂಡ...” ಎಂದು ಚಕ್ರಪಾಣಿ ಅರ್ಧಕ್ಕೇ ನಿಲ್ಲಿಸಿದರು. “ನಾನು ಅವನನ್ನ ಪೆದ್ದ ಅಂತ ಬರ್ದಿದೀನಲ್ಲ.”

“ಅದನ್ನ ಸರಿಯಾಗೇ ಬರ್ದಿದೀರಿ.”

ಚಕ್ರಪಾಣಿ ನಗಲಿಲ್ಲ. ಕಟ್ಟಿದ್ದೇನೂ ಇಲ್ಲ ಹಾಗಾದರೆ, ಎಲ್ಲ ನಿಜವೇ, ಎಂದು ತಮಗೇ ಹೇಳಿಕೊಂಡರು. ಆಮೇಲೆ ಹನುಮಂತಯ್ಯನನ್ನು ಕರೆದು, “ಒಂದು ಪೂರ್ತಿ ಕಾಫಿ. ಇವ್ರಿಗೆ,” ಎಂದರು.

“ಬೇಡ ಹನುಮಂತಯ್ಯ, ಬೈಟು ಕೊಡಿ,” ಎಂದರು ಅಲಮೇಲಮ್ಮ. “ಪೂರ್ತಿ ಕಾಫಿ ಮುಗಿದ ಕಥೆಗೆ. ನಂದು ಇನ್ನೂ ಇದೆ.”

ಬೈಟು ಬಂತು. ಚಕ್ರಪಾಣಿ ಕುರ್ಚಿ ಎಳೆದುಕೊಂಡು ಬಲಗಿವಿಯನ್ನು ಹತ್ತಿರ ತಂದು, ಹೊಸಬರ ಮುಂದೆ ಕೂತಷ್ಟೇ ಸಂಕೋಚದಿಂದ ಕೇಳಿದರು:

“ತಾವು ಯಾವ ಕಡೆಯವ್ರು?”

“ಮಾವಳ್ಳಿ,” ಎಂದು ಅಲಮೇಲಮ್ಮ ಲೋಟ ಕೆಳಗಿಟ್ಟರು. “ನೀವೊಂದ್ಸಲ ಅಲ್ಲಿಗೆ ಬಂದಿದ್ರಿ, ಹೆಣ್ಣು ನೋಡೋಕೆ. ಅವತ್ತೂ ನನ್ನ ಏನೂ ಕೇಳ್ಲಿಲ್ಲ.”