ಹೆಸರಿನ ನಡುವಿನ ಖಾಲಿ ಜಾಗ

ನಮ್ಮ ಊರುಗಳ ಹೆಸರನ್ನು ಕೂಡಿಸಿ ಬರೆಯಬೇಕೋ ಬಿಡಿಸಿ ಬರೆಯಬೇಕೋ ಎಂದು ನೀವು ಎಂದಾದರೂ ತಲೆ ಕೆಡಿಸಿಕೊಂಡಿದ್ದೀರಾ? ಬಸ್ಸಿನ ಬೋರ್ಡು ಬರೆಯುವವನಿಗೆ ಜಾಗವಿದ್ದರೆ ಎರಡು ಪದ, ಇಲ್ಲದಿದ್ದರೆ ಒಂದು. ಅಂಚೆಯವನಿಗೆ ಹೇಗಿದ್ದರೂ ಸರಿ. ನನಗೂ ಹೇಗಿದ್ದರೂ ಸರಿಯೇ ಇತ್ತು, ತೊಂಬತ್ತರ ದಶಕದ ಆರಂಭದಲ್ಲಿ ರಾಬರ್ಟ್‌ಸನ್‌ಪೇಟೆಯ ನಮ್ಮ ನೀರು ಪರೀಕ್ಷೆಯ ಲ್ಯಾಬಿಗೆ ಕಂಪ್ಯೂಟರ್ ಬರುವವರೆಗೆ.

ನಾನು ಆ ಲ್ಯಾಬಿನ ಕೆಮಿಸ್ಟ್. ದಿನಾ ಬೆಳಿಗ್ಗೆ ಬಂಗಾರಪೇಟೆಯಿಂದ ರೈಲು. ಅದೇ ಡಬ್ಬಿಯಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಹೊಸ ಗುಟ್ಟೂರಿನ ವೆಂಕಟಮ್ಮ. ಹಳ್ಳಿಗಳ ಬೋರಿಂಗ್ ನೀರಿನಲ್ಲಿ ಹಲ್ಲು ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂದು ನಾವು ನೋಡುತ್ತಿರುವುದು ಗೊತ್ತಾದಾಗಿನಿಂದ ಆಕೆ ನನ್ನನ್ನು ಬಿಟ್ಟಿರಲಿಲ್ಲ.

"ಏನಮ್ಮಣ್ಣಿ, ನಮ್ಮೂರ ನೀರಿಂದು ಏನಾತು? ನಮ್ಮ ಮೊಮ್ಮಗೀಗೆ ಈಗಿನ್ನೂ ಹೊಸ ಹಲ್ಲು ಬಂದವೆ, ಆಗ್ಲೇ ಬೀಡಿ ಸೇದೋರ ಹಲ್ಲಿದ್ದಂಗೆ ಅವೆ."

"ಈ ವಾರ ಹೇಳ್ತೀನಮ್ಮ," ಎನ್ನುತ್ತಿದ್ದೆ. ಎಷ್ಟು ವಾರದಿಂದ ಹಾಗೆನ್ನುತ್ತಿದ್ದೆನೋ!

ತಡಕ್ಕೆ ಕಾರಣವಿತ್ತು. ನೀರನ್ನು ಅಳೆಯುವ ಯಂತ್ರ ತನ್ನ ಅಂಕಿಗಳನ್ನೆಲ್ಲ ಒಂದು ಫೈಲಾಗಿ ಫ್ಲಾಪಿಗೆ ತುಂಬುತ್ತಿತ್ತು. ವರದಿ ಮಾಡುವ ಸಾಫ್ಟ್‌ವೇರ್ ಅದನ್ನು ಓದಬೇಕು. ಆದರೆ ಎರಡಕ್ಕೂ ಮಾತಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಟೊಮೆಟೊ ಮಾರುವವನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಬಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಈ ಎರಡು ಯಂತ್ರಗಳಿಗೆ ಒಂದು ಸಮಾನ ಭಾಷೆಯಿಲ್ಲ! ಇದು ಊರಿನ ಹೆಸರು, ಇದು ಫ್ಲೋರೈಡ್, ಇದು ಗಡಸುತನ ಎಂದು ನಾವೇ ಒಂದು ನಮೂನೆ ಮಾಡಿ ಸಾಫ್ಟ್‌ವೇರಿಗೆ ಕಲಿಸಬೇಕಿತ್ತು.

"ವೇಣಾಂ ಅಕ್ಕಾ, ಇದೆಲ್ಲ ಬೇಡ, ಕೈಯಲ್ಲೇ ಟೈಪ್ ಮಾಡಿಬಿಡೋಣ," ಎಂದಳು ಟೈಪಿಸ್ಟ್ ಸೆಲ್ವಿ. ಈ ತಿಂಗಳಿಗೆ ಅದಾದೀತು, ಮುಂದಿನ ತಿಂಗಳು? ನಾನು ಒಪ್ಪಲಿಲ್ಲ. ದಿಂಬಿನಷ್ಟು ದಪ್ಪದ ಕೈಪಿಡಿಯನ್ನು ಊಟದ ಡಬ್ಬಿಗೆ ಒರಗಿಸಿಕೊಂಡು ಓದಿದೆ. ಖಾಲಿ ಜಾಗ ಬಂದಲ್ಲೆಲ್ಲ ಒಂದು ವಿಷಯ ಮುಗಿದು ಮುಂದಿನದು ಶುರುವಾಗುತ್ತದೆ ಎಂದು ಕಲಿಸಿದೆ. ಸಾಫ್ಟ್‌ವೇರ್ ಗಬಗಬನೆ ಫೈಲನ್ನು ನುಂಗಿತು. ಪಟ್ಟಿ ಅಚ್ಚಾಗಿ ಹೊರಬಂತು. ನಮ್ಮ ಸಾಹೇಬರು ಎಲ್ಲರಿಗೂ ಕಾಫಿ ತರಿಸಿದರು.

ಕಾಫಿ ಕುಡಿಯುತ್ತಾ ಪಟ್ಟಿ ನೋಡಿದೆ. ಹೊಸ ಗುಟ್ಟೂರು ಇರಬೇಕಾದಲ್ಲಿ ಬರೀ "ಹೊಸ": ಫ್ಲೋರೈಡ್ ಸೊನ್ನೆ. ಕುಡಿಯಲು ಯೋಗ್ಯ.

ಆ ಮಗುವಿನ ಹಲ್ಲು ನೆನಪಾಗಿ ಲೋಟ ಕೆಳಗಿಟ್ಟೆ. ಮತ್ತೆ ನೋಡಿದೆ. ಎರಡು ಪದದ ಹೆಸರಿರುವ ಊರುಗಳ ನೀರೆಲ್ಲ ಅಮೃತ! ಒಂದೇ ಪದದ ಊರುಗಳಿಗೆ ಮಾತ್ರ ಫ್ಲೋರೈಡಿನ ಕಾಟ. "ಹೊಸ" ಎಂಬಲ್ಲಿಗೆ ಊರು ಮುಗಿದು, "ಗುಟ್ಟೂರು" ಪಕ್ಕಕ್ಕೆ ಸರಿದು ಫ್ಲೋರೈಡಿನ ಜಾಗದಲ್ಲಿ ಕೂತಿತ್ತು. ಅಕ್ಷರ ಕಂಡ ಸಾಫ್ಟ್‌ವೇರ್ ಅದನ್ನು ಸೊನ್ನೆ ಮಾಡಿತ್ತು.

"ಸೋಮವಾರ ಇದು ಎಂಜಿನಿಯರ್ ಆಫೀಸಿಗೆ ಹೋಗ್ಬೇಕು," ಎಂದರು ಸಾಹೇಬರು. "ಕಂಪ್ಯೂಟರ್ ತಪ್ಪು ಮಾಡತ್ತೇನಮ್ಮ?"

"ನಾವು ಕಲಿಸಿದ್ದನ್ನ ಮಾಡತ್ತೆ ಸಾರ್. ಇದನ್ನ ಕಳಿಸೋಕೆ ನಾನು ಬಿಡಲ್ಲ."

ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ಅವರು ಶನಿವಾರದವರೆಗೆ ಸಮಯ ಕೊಟ್ಟರು.

ಖಾಲಿ ಜಾಗವನ್ನು ನಂಬುವುದು ಬಿಟ್ಟೆ. ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಊರು, ಆಮೇಲೆ ಫ್ಲೋರೈಡ್ ಎಂದು ಹೊಸ ನಮೂನೆ ಮಾಡಿದೆ. ಲೆಕ್ಕ ತುಸು ತಪ್ಪಿ, ಫ್ಲೋರೈಡಿನ ಮೊದಲ ಅಂಕಿ ಊರಿನ ಹೆಸರಿಗೆ ಬಾಲವಾಗಿ ಅಂಟಿಕೊಂಡಿತು. ಸೆಲ್ವಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. ಮತ್ತೆ ಎಣಿಸಿದೆ, ಮತ್ತೆ ಕಲಿಸಿದೆ. ಕೊನೆಗೆ ಸರಿಹೋಯಿತು. ಆದರೂ ನಂಬದೆ, ಅವಳು ಯಂತ್ರದ ಅಂಕಿಗಳನ್ನು ಓದುತ್ತಾ ಹೋದಂತೆ ನಾನು ಪಟ್ಟಿಯಲ್ಲಿ ಒಂದೊಂದಾಗಿ ತಾಳೆ ನೋಡಿದೆ. ಹೊಸ ಗುಟ್ಟೂರಿನ ನೀರು ಮಕ್ಕಳಿಗೆ ಕೊಡುವಂಥದ್ದಲ್ಲ ಎಂದು ಖಚಿತವಾಯಿತು.

ಪಟ್ಟಿ ಎಂಜಿನಿಯರ್ ಆಫೀಸಿಗೆ ಹೋದ ಕೆಲವು ದಿನಗಳ ನಂತರ ರೈಲಿನಲ್ಲಿ ವೆಂಕಟಮ್ಮ ನನ್ನ ಮೇಲೆ ಹರಿಹಾಯ್ದಳು. "ಕುಡೀಬ್ಯಾಡಿ ಅಂತ ಬೋರಿಂಗ್‌ಗೆ ಕೆಂಪು ಬಣ್ಣ ಬಳಿದು ಹೋದ್ರು. ಈಗ ಕೆರೆ ಏರಿ ಪಕ್ಕದ ಬಾವಿಗೆ ಹೋಗ್ಬೇಕು. ನಿಜ ಹೇಳೋಳು ನೀನು, ಬಿಂದಿಗೆ ಎತ್ತೋಳು ನಾನಾ?"

ಉತ್ತರ ಸರಿಯಾಗಿ ಬಂದರೆ ಕೆಲಸ ಮುಗಿಯಿತು ಎಂಬುದು ಲ್ಯಾಬಿನವರ ಭ್ರಮೆ. ಆ ಬಾವಿಯ ನೀರನ್ನೇ ಒಂದು ಸೀಸೆಯಲ್ಲಿ ತರಿಸಿ ಪರೀಕ್ಷೆ ಮಾಡಿದೆ. ಒಳ್ಳೆಯ ನೀರು. ಅಲ್ಲಿಂದ ಊರಿಗೆ ಪೈಪು ಹಾಕಿಸಬೇಕೆಂದು ನಾವಿಬ್ಬರೂ ಎಂಜಿನಿಯರ್ ಆಫೀಸಿಗೆ ಹೋದೆವು.

"ಯಾರು ಬೇಕಿತ್ತಮ್ಮ?" ಎಂದ ಗುಮಾಸ್ತ.

"ಯಾರೂ ಬ್ಯಾಡ ಸ್ವಾಮಿ, ನೀರು ಬೇಕು," ಎಂದು ವೆಂಕಟಮ್ಮ ಬುಟ್ಟಿ ಇಳಿಸಿ ಬಾಗಿಲಲ್ಲೇ ಕೂತಳು.

ನಲ್ಲಿ ಬರಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಅಷ್ಟೂ ದಿನ ನಾವು ಅಲ್ಲಿಗೆ ಎಷ್ಟು ಎಡತಾಕಿದೆವೆಂದರೆ, ನೀರು ಬರುವ ಹೊತ್ತಿಗೆ ಆ ಗುಮಾಸ್ತ ವೆಂಕಟಮ್ಮನ ಸೊಪ್ಪಿನ ಖಾಯಂ ಗಿರಾಕಿಯಾಗಿದ್ದ.