ಹಲಗೆಯ ಕೆಳಗಿನ ಲಾಳ

ಮೊನ್ನೆ ನಿಲಂಗಾ ಬಸ್ ಸ್ಟ್ಯಾಂಡಿನ ಹೊರಗೆ ಒಂದು ಆಟೋದ ವೈರು ಸುಟ್ಟಿತು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ದಾಳಿಂಬದ ನಮ್ಮ ಮನೆ, ಅಂಗಳದ ಬೇವಿನ ಮರ, ಅದರಡಿಯ ಹಳೆಯ ಪೆಟ್ರೋಲ್ ಜೀಪು ಎಲ್ಲ ಕಣ್ಣ ಮುಂದೆ ಬಂದವು. ಬಾಲ್ಯ ನೆನೆದರೆ ಬಾಯಿ ಸಿಹಿಯಾಗುತ್ತದೆ ಎನ್ನುವವರು ಪುಣ್ಯವಂತರು. ನನ್ನ ಬಾಯಿ ಕಹಿಯಾಗುತ್ತದೆ. ಅಪ್ಪನ ತಮ್ಮ, ನಮ್ಮ ಕಾಕಾ, ಆಳಂದ ಕಡೆಯ ಶಾಂತಾ ಕಾಕುವನ್ನು ಮದುವೆಯಾಗಿ ಕರೆತಂದದ್ದು ಅದೇ ಜೀಪಿನಲ್ಲಿ. ಹೊಸ ಸೊಸೆಗೆ ಯಾರ ದೃಷ್ಟಿಯೂ ತಾಗಬಾರದೆಂದು ಅಜ್ಜಿ, ಆಕೆ ಕೂರಬೇಕಾದ ಹಿಂದಿನ ಸೀಟಿನ ಹಲಗೆಯಡಿ ಕುದುರೆಯ ಲಾಳ ಹೊಡೆಸಿ, ವಿಭೂತಿ ಹಚ್ಚಿ ಕಳಿಸಿದ್ದಳು.

ಬರುವಾಗ ಉಮರ್ಗಾ ಹತ್ತಿರ ಒಂದು ತಗ್ಗಿಗೆ ಇಳಿದದ್ದೇ ಜೀಪಿನ ಲೈಟು ಆರಿ, ಇಂಜಿನ್ ನಿಂತಿತು. ತಳ್ಳಲೆಂದು ಎಲ್ಲರೂ ಇಳಿದರು, ಕೂಡಲೇ ಚಾಲೂ ಆಯಿತು. ಮುಂದೆ ಸೀರೆ ತರಲು ನಿಲಂಗಾಕ್ಕೆ ಹೊರಟಾಗಲೂ ಅದೇ ಕತೆ. ಕಾಕು ಕೂತರೆ ನಿಲ್ಲುತ್ತಿತ್ತು, ಇಳಿದರೆ ಓಡುತ್ತಿತ್ತು. ಅದು ಸೊಸೆಯ ಜಾಗ, ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಉಮರ್ಗಾದ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ, ಪ್ಲಗ್ ತಿಕ್ಕಿದ, ಖಾಲಿ ಗಾಡಿಯನ್ನು ಊರೆಲ್ಲ ಸುತ್ತಿಸಿ ತಂದ. "ಗಾಡಿ ಫಸ್ಟ್‌ಕ್ಲಾಸ್ ಅದ ರೀ, ಎಲ್ಲೂ ಫಾಲ್ಟ್ ಇಲ್ಲ" ಎಂದ. ಗಾಡಿಯಲ್ಲಿ ತಪ್ಪಿಲ್ಲ ಎಂದಮೇಲೆ ಅಜ್ಜಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಆಕಿ ಇಳದ್ಳು, ಗಾಡಿ ಚಾಲೂ ಆತು. ನಿಮ್ಗ ಕಣ್ಣ ಇಲ್ಲೇನು? ಆಕಿ ಕಾಲಗುಣಾನೇ ಛಲೋ ಇಲ್ಲ" ಎಂದು ಅಂಗಳದಲ್ಲಿ ನಿಂತು ಕೂಗಿದಳು.

"ನಾ ಏನ್ ಮಾಡ್ಲಿರಿ ಅತ್ತೀ? ಕುಂಡ್ರು ಅಂದಲ್ಲಿ ಕುಂತೀನಿ" ಎಂದಳು ಕಾಕು. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಡುತ್ತಿದ್ದವಳು, ಎಣ್ಣೆ ಹಾಕಿ ನನ್ನ ತಲೆ ಬಾಚುತ್ತಿದ್ದವಳು ಆಕೆ. ಕಾಕಾ ಜೀಪಿನ ಕೀಲಿಯನ್ನು ಗೂಟಕ್ಕೆ ಹಾಕಿ ಹೊಲಕ್ಕೆ ಹೋದ. ಪಂಚಮಿಗೆ ಕಾಕುವನ್ನು ತವರಿಗೆ ಕಳಿಸಿದರು, ಜೀಪಿನಲ್ಲಲ್ಲ, ಬಸ್ಸಿನಲ್ಲಿ. ಹಬ್ಬ ಮುಗಿದ ಮೇಲೆ ಸೊಸೆಯನ್ನು ಕರೆತರಲು ಗಂಡನ ಮನೆಯವರು ಹೋಗಬೇಕು. ನಮ್ಮವರು ಹೋಗಲಿಲ್ಲ. ಮರುವರ್ಷ ಕಾಕಾನಿಗೆ ಇನ್ನೊಂದು ಮದುವೆ ಮಾಡಿದರು.

ಆಮೇಲೆ ಜೀಪನ್ನು ಉದಗೀರದ ಒಬ್ಬರಿಗೆ ಮಾರಿದರು. ಕೊಡುವ ಮೊದಲು ಅದೇ ಮೆಕ್ಯಾನಿಕ್ ನಮ್ಮ ಅಂಗಳದಲ್ಲೇ ಹಿಂದಿನ ಹಲಗೆ ಎತ್ತಿದ, ಸುಟ್ಟ ವೈರಿನ ಕಮಟು ವಾಸನೆ ಬಂತು. ಲಾಳದ ಒಂದು ಮೊಳೆ ಹಲಗೆಯಿಂದ ಇಳಿದು, ಕೆಳಗಿನ ವೈರಿನ ರಬ್ಬರನ್ನು ಕೊರೆದು ಹಾಕಿತ್ತು. ಯಾರಾದರೂ ಕೂತು ಹಲಗೆ ಬಗ್ಗಿದರೆ ಮೊಳೆ ಆ ವೈರನ್ನು ಗಾಡಿಯ ಕಬ್ಬಿಣಕ್ಕೆ ಒತ್ತುತ್ತಿತ್ತು. "ಈ ನಾಲ ಯಾರ್ ಬಡಸ್ಯಾರ್ರೀ ಇಲ್ಲಿ? ಇಲ್ಲಿ ಯಾರ್ ಕುಂತ್ರೂ ಗಾಡಿ ಬಂದ್ ಆಗ್ತದ" ಎಂದ. ಅಪ್ಪ ನೆಲ ನೋಡಿದ. ಕಾಕಾ ಒಳಗೆ ಹೋದ. ಅಜ್ಜಿ ಮಾತ್ರ ಲಾಳವನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, "ಇಭೂತಿ ಹಚ್ಚಿದ್ದು, ಒಗಿಬಾರ್ದು" ಎಂದು ಹೊಸ ಸೊಸೆಯ ಕೋಣೆಯ ಹೊಸ್ತಿಲಿಗೆ ಹೊಡೆಸಿದಳು. ಆ ಸುತ್ತಿಗೆಯ ಸದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಈಗ ಆ ಮನೆ ಇಲ್ಲ, ರಸ್ತೆ ಅಗಲವಾದಾಗ ಹೋಯಿತು. ಅಜ್ಜಿಯೂ ಇಲ್ಲ. ನಿಮಗೂ ಇಂಥ ಒಂದು ಮನೆ ಇದ್ದು ಹೋಗಿದ್ದರೆ, ಅದಕ್ಕಾಗಿ ನೀವು ಅತ್ತಿರಬಹುದು. ನಾನು ಅಳಲಿಲ್ಲ. ತಪ್ಪು ಮೊಳೆಯದೆಂದು ಹೇಳಲು ನಮ್ಮವರು ಯಾರೂ ಆಳಂದದ ಕಡೆ ಹೋಗಲಿಲ್ಲ. ದೊಡ್ಡವಳಾಗಿ ನಾನು ಹೋಗುವ ಹೊತ್ತಿಗೆ ಶಾಂತಾ ಕಾಕು ತೀರಿಕೊಂಡಿದ್ದಳು. ಆಕೆಯ ಅಣ್ಣ ನೀರು ಕೊಟ್ಟು ಹೇಳಿದ: "ಕಡೀತನಕಾ ಯಾರ್ ಗಾಡೀನೂ ಹತ್ತಲಿಲ್ಲವ್ವಾ ಆಕಿ. ನನ್ನಿಂದ ಅವ್ರಿಗ್ಯಾಕ ತ್ರಾಸ ಅಂತ ನಡಕೋತನೇ ಹೋಗ್ತಿದ್ಳು."